ಏಳನೇ ತೊಟ್ಟಿಯ ಮೇಣದಬತ್ತಿ

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಹೆಂಗಸು ಠಾಣೆಯ ಬಾಗಿಲು ದಾಟಿದಳು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಹೆಡ್ ಕಾನ್‌ಸ್ಟೆಬಲ್ಲೇ ಕಾರಣ. ಯಾರೇ ಒಳಗೆ ಬರಲಿ, ಮೊದಲು ಗೋಡೆಯ ಗಡಿಯಾರ ನೋಡಿ, ಪುಸ್ತಕದಲ್ಲಿ ಗಂಟೆ ಬರೆದು, ಆಮೇಲೆ ಬಂದವರ ಮುಖ ನೋಡುವ ಪ್ರಾಣಿ ಅದು. ಠಾಣೆಯಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ.

ಹೆಂಗಸಿಗೆ ಐವತ್ತೆಂಟರ ಆಸುಪಾಸು. ಎರಡೂ ಕೈ ಮೊಣಕೈವರೆಗೆ ನೇರಳೆ ಬಣ್ಣ. ತೊಳೆದುಕೊಳ್ಳದೆ ಬಂದಿದ್ದಾಳೆ ಅಂದುಕೊಳ್ಳಬೇಡಿ. ದ್ರಾಕ್ಷಿ ಕೊಯ್ಲಿನ ಒಂದೂವರೆ ತಿಂಗಳು ಆ ಬಣ್ಣ ಯಾವ ಸೋಪಿಗೂ ಜಗ್ಗುವುದಿಲ್ಲ. ಅವಳ ಭುಜ ಹಿಡಿದುಕೊಂಡು ಹಿಂದೆಯೇ ಬಂದವನು ಅವಳ ತಮ್ಮ, ಗುಡ್ಡದ ಮೇಲಿನ ವೈನರಿಯ ಮೇಸ್ತ್ರಿ. ದ್ರಾಕ್ಷಿ ಒಳಗೆ ಬಂದಾಗಿನಿಂದ ವೈನ್ ಆಗಿ ಬಾಟಲಿಗೆ ಇಳಿಯುವವರೆಗೆ ಅಲ್ಲಿ ಅವನದೇ ಮಾತು. ಅವಳು ಅದೇ ವೈನರಿಯಲ್ಲಿ ಹಣ್ಣು ಆಯುವ ಮೇಜಿನವಳು. ತಮ್ಮ ಅಕ್ಕ ಅಕ್ಕ ಎಂದು ಕರೆದೂ ಕರೆದೂ ಇಡೀ ವೈನರಿಗೆ ಅವಳು ಅಕ್ಕನೇ ಆಗಿಬಿಟ್ಟಿದ್ದಳು.

"ನನ್ನ ಮಗ ಹೋದ," ಅಂದಳು ಅಕ್ಕ. "ಹೋಗಿದ್ದಲ್ಲ, ಸಾಯಿಸಿದಾರೆ. ಬರ್ಕೊಳ್ಳಿ."

"ಅಕ್ಕ, ಮೊದಲು ಕೂತ್ಕೋ," ಅಂದ ಮೇಸ್ತ್ರಿ.

"ನೀನು ಹೊರಗಿರು. ನಾನು ಮಾತಾಡ್ಬೇಕು."

ಅವನು ಹೊರಗಿನ ಬೆಂಚಿಗೆ ಹೋದ. ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಟ್ಟರು. ಕೆಳಗಿನ ಬಯಲು ಸೀಮೆಯಿಂದ ಐದು ತಿಂಗಳ ಹಿಂದೆ ವರ್ಗವಾಗಿ ಬಂದಿದ್ದ ಹೆಣ್ಣುಮಗಳು ಅವರು. ಈ ಎತ್ತರಕ್ಕೆ ಇನ್ನೂ ಒಗ್ಗಿರಲಿಲ್ಲ, ಇಪ್ಪತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಗಡಿಯಾರ ಇಬ್ಬರಿಗೂ ಚಹಾ ತಂದಿಟ್ಟು, ಹೊರಗೆ ಮೇಸ್ತ್ರಿಗೂ ಒಂದು ಕಪ್ ಕೊಟ್ಟು ಬಂದ.

ಅಕ್ಕ ಕಪ್ಪನ್ನು ಮುಖದ ಹತ್ತಿರ ತಂದವಳೇ ದೂರ ಸರಿಸಿದಳು. "ಇದಕ್ಕೆ ಸೀಮೆಎಣ್ಣೆ ತಾಗಿದೆ."

ಗಡಿಯಾರ ಮೂಸಿ ನೋಡಿ ನಾಲಿಗೆ ಕಚ್ಚಿಕೊಂಡ. ಬೆಳಗಿನ ಜಾವ ಕರೆಂಟು ಹೋಗಿತ್ತೆಂದು ಹಳೆ ಸ್ಟವ್ ಇಳಿಸಿ ತುಂಬಿದ್ದ. ಅದೇ ಕೈಯಲ್ಲಿ ಪಾತ್ರೆ ಮುಟ್ಟಿರಬೇಕು. ಹೊರಗೆ ಓಡಿ ನೋಡಿದರೆ ಮೇಸ್ತ್ರಿ ಕಪ್ ಖಾಲಿ ಮಾಡಿ ಬೆಂಚಿನ ಮೇಲಿಟ್ಟಿದ್ದ. ದುಃಖದಲ್ಲಿರುವವನಿಗೆ ಬಾಯಿಗೇನು ಹೋಗುತ್ತಿದೆ ಎನ್ನುವುದಾದರೂ ಎಲ್ಲಿ ಗೊತ್ತಾಗುತ್ತದೆ ಪಾಪ, ಎಂದುಕೊಂಡು ಗಡಿಯಾರ ಕಪ್ ಎತ್ತಿಕೊಂಡು ಬಂದ.

"ಎಷ್ಟು ಗಂಟೆಗೆ?" ಇನ್‌ಸ್ಪೆಕ್ಟರ್ ಕೇಳಿದರು.

"ಏಳೂಕಾಲು."

"ಎಲ್ಲಿ?"

"ಏಳನೇ ತೊಟ್ಟಿ. ಸಿಪ್ಪೆ ಎತ್ತಕ್ಕೆ ಇಳಿದಿದ್ದ. ಒಳಗೇ ಉಸಿರು ಕಟ್ಟಿದೆ."

"ಇದು ಆಕಸ್ಮಿಕ ಅನ್ಸುತ್ತೆ ತಾಯಿ. ಸಾಯಿಸಿದಾರೆ ಅಂತ ಯಾಕೆ ಹೇಳ್ತೀರ?"

ಅಕ್ಕ ನೇರಳೆ ಕೈಗಳನ್ನು ಮೇಜಿನ ಮೇಲಿಟ್ಟಳು. "ಇಳಿಯೋಕ್ ಮುಂಚೆ ದೀಪ ಇಳಿಸ್ಬೇಕು ಮೇಡಂ. ನಮ್ಮಪ್ಪ ಅಲ್ಲಿ ಮೇಸ್ತ್ರಿ ಆಗಿದ್ದಾಗ ಮಾಡಿದ ಕಟ್ಟಳೆ ಅದು. ದೀಪ ಉರಿದ್ರೆ ಮನುಷ್ಯ ಇಳೀಬಹುದು, ಆರಿದ್ರೆ ಇಳೀಬಾರದು. ಮೂವತ್ತೊಂದು ವರ್ಷದಲ್ಲಿ ಆ ದೀಪ ಒಂದು ಸಲಾನೂ ಸುಳ್ಳು ಹೇಳಿಲ್ಲ. ಇವತ್ತು ದೀಪ ಇಳಿಸೇ ಇಲ್ಲ. ಮಾಲೀಕರಿಗೆ ಶುಕ್ರವಾರ ಗಿರಾಕಿಗಳು ಬರ್ತಾರೆ ಅನ್ನೋ ಅವಸರ. ಆಮೇಲೆ ನನ್ನ ತಮ್ಮನ ಕೈಲಿ ದೀಪ ಉರೀತು ಅಂತ ಪುಸ್ತಕದಲ್ಲಿ ಬರೆಸಿದಾರೆ. ಅವನು ಅಲ್ಲೇ ಹೊಟ್ಟೆ ಹೊರ್ಕೊಳ್ಳೋನು, ಬಾಯಿ ಬಿಡಲ್ಲ. ನನ್ನ ಮಗನಿಗೆ ಸುಳ್ಳು ಹೇಳಿ ಇಳಿಸಿದ್ದು ಯಾರು? ನಂಗೆ ಅದೊಂದು ಗೊತ್ತಾಗ್ಬೇಕು."

ಹನ್ನೊಂದು ಐವತ್ತಕ್ಕೆ ಅಸಹಜ ಸಾವೆಂದು ಪ್ರಕರಣ ದಾಖಲಾಯಿತು.

ವೈನರಿ ಇದ್ದದ್ದು ಊರಿಗಿಂತಲೂ ಮೇಲೆ, ಜೀಪು ಮೊದಲನೇ ಗೇರಿನಲ್ಲಿ ಗೊಣಗುತ್ತಾ ಮುಕ್ಕಾಲು ಗಂಟೆ ಹತ್ತುವಷ್ಟು ಎತ್ತರದಲ್ಲಿ. ಅಲ್ಲಿ ತಯಾರಾಗುವುದು ಒಂದೇ ಒಂದು ಕೆಂಪು ವೈನ್. ಲೇಬಲ್ಲಿನ ಮೇಲೆ ಗುಡ್ಡದ ಗೆರೆ, ಗೆರೆಯ ಕೆಳಗೆ ಎತ್ತರದ ಅಂಕಿ. ಇನ್‌ಸ್ಪೆಕ್ಟರ್ ಕುಡಿಯುವವರಲ್ಲ. ಆದರೆ ಆ ಬಾಟಲಿಯನ್ನು ನೋಡದವರು ಊರಲ್ಲಿ ಇರಲಿಲ್ಲ. ಬಸ್ ಡ್ರೈವರ್, ಮಾಸ್ತರು, ಡಾಕ್ಟರು ಎಲ್ಲರ ಮನೆಯಲ್ಲೂ ಅದೇ.

ಮಾಲೀಕ ಬಾಗಿಲಲ್ಲೇ ಸಿಕ್ಕಿದ. ಮುಖ ಬಿಳಿಚಿಕೊಂಡಿತ್ತು, ಆದರೂ ಮಾತು ನಿಲ್ಲಲಿಲ್ಲ. ಹೆದರಿದಾಗ ಮನುಷ್ಯ ತನಗೆ ಬಾಯಿಪಾಠ ಆಗಿರುವುದನ್ನೇ ಹೇಳುತ್ತಾನೆ.

"ಹಗಲು ಸುಡೋ ಬಿಸಿಲು, ಸಂಜೆಯಾದ್ರೆ ಕೊರೆಯೋ ಚಳಿ ಮೇಡಂ. ಹಣ್ಣಿನ ಸಿಪ್ಪೆ ದಪ್ಪ ಆಗುತ್ತೆ, ಬಣ್ಣ ಗಾಢ, ಹುಳಿ ಉಳಿಯುತ್ತೆ. ನೆಲ ಅಗ್ಗ, ಯಾಕಂದ್ರೆ ಇಲ್ಲಿ ಬೇರೇನೂ ಬೆಳೆಯಲ್ಲ. ಹೊಸ ಪೀಪಾಯಿ ಇಲ್ಲ, ಸ್ಟೀಲ್ ಟ್ಯಾಂಕ್ ಇಲ್ಲ, ಎಲ್ಲಾ ಅಜ್ಜನ ಕಾಲದ ಸಿಮೆಂಟ್ ತೊಟ್ಟಿ. ಅದಕ್ಕೇ ಎರಡು ಊಟದ ದುಡ್ಡಲ್ಲಿ ಒಂದು ಬಾಟ್ಲಿ ಕೊಡ್ತೀವಿ. ಈ ಬೆಲೆಗೆ ಇಂಥ ಕೆಂಪು ವೈನ್ ಎಲ್ಲೂ ಇಲ್ಲ ಅಂತ ಪತ್ರಿಕೆಯವರೇ ಬರೆದಿದಾರೆ."

"ಸ್ಟೀಲ್ ಟ್ಯಾಂಕಿಗೆ ಕೆಳಗೆ ಬಾಗಿಲು ಇರುತ್ತಾ?"

ಮಾಲೀಕ ತಡವರಿಸಿದ. "ಇರುತ್ತೆ."

"ಬಾಗಿಲಿದ್ರೆ ಮನುಷ್ಯ ಒಳಗೆ ಇಳಿಯೋದು ಬೇಡ, ಅಲ್ವಾ?"

ಇನ್‌ಸ್ಪೆಕ್ಟರ್ ಉತ್ತರಕ್ಕೆ ಕಾಯದೆ ಒಳಗೆ ನಡೆದರು.

ತೊಟ್ಟಿಗಳು ನೆಲದೊಳಗೆ ಹುಗಿದಿದ್ದವು. ಉದ್ದನೆಯ ಹಜಾರದ ನೆಲದಲ್ಲಿ ಸಾಲಾಗಿ ಹನ್ನೆರಡು ಬಾಯಿ, ಒಬ್ಬ ಮನುಷ್ಯನ ಭುಜ ಹಿಡಿಯುವಷ್ಟೇ ಅಗಲ. ಹುಳಿ ಬಂದ ರಸವನ್ನು ಹಿಂದಿನ ದಿನ ಪಂಪಿನಿಂದ ಎಳೆದಾದ ಮೇಲೆ ತಳದಲ್ಲಿ ಸೊಂಟದೆತ್ತರ ಸಿಪ್ಪೆ ಉಳಿಯುತ್ತದೆ. ಅದನ್ನು ಸಲಿಕೆಯಿಂದ ಎತ್ತಿ ಬಕೆಟ್ಟಿಗೆ ತುಂಬಬೇಕು. ಆದರೆ ಹುಳಿ ಬರುವಾಗ ಹುಟ್ಟುವ ಗಾಳಿ ನಮ್ಮ ಗಾಳಿಗಿಂತ ಭಾರ, ತಳದಲ್ಲೇ ಬಿದ್ದುಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎರಡು ಉಸಿರು ಸಾಕು, ಆಳು ಕುಸಿಯುತ್ತಾನೆ. ಅದಕ್ಕೇ ಮೊದಲು ಎರಡು ಗಂಟೆ ಫ್ಯಾನ್ ಹಾಕಬೇಕು, ಆಮೇಲೆ ದೀಪ ಇಳಿಸಬೇಕು.

ಮಧ್ಯಾಹ್ನ ಒಂದೂ ಹತ್ತರಿಂದ ಎರಡೂ ಐವತ್ತರವರೆಗೆ ಸ್ಥಳ ಪಂಚನಾಮೆ ನಡೆಯಿತು. ಹೆಣವನ್ನು ಆಗಲೇ ಮೇಲೆತ್ತಿ ಮಲಗಿಸಿದ್ದರು. ಇಪ್ಪತ್ತಾರರ ಹುಡುಗ, ಮುಖವೆಲ್ಲ ದ್ರಾಕ್ಷಿ ಸಿಪ್ಪೆ, ಎಡಗಾಲಿನ ಬೂಟಿಗೆ ಎರಡು ಗಂಟು ಹಾಕಿದ್ದ. ಆ ಎರಡನೇ ಗಂಟನ್ನು ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಅಜಾಗರೂಕ ಮನುಷ್ಯ ಬೂಟಿಗೆ ಎರಡು ಗಂಟು ಹಾಕುವುದಿಲ್ಲ.

ಗಡಿಯಾರ ಒಂದೊಂದಾಗಿ ಬರೆದ. ಸಲಿಕೆ ಒಂದು. ಬಕೆಟ್ ಎರಡು. ಹಗ್ಗ. ಬೆಂಕಿಪೊಟ್ಟಣ. ಏಣಿ. ಫ್ಯಾನ್. ಮೇಣದಬತ್ತಿ ಇಳಿಸುವ ತಂತಿಯ ಗೂಡು. ದೀಪದ ಪುಸ್ತಕ, ಅದರಲ್ಲಿ ಮೇಸ್ತ್ರಿಯ ಕೈಬರಹ, "ತೊಟ್ಟಿ 7, ಗಂಟೆ 7.10, ಐದು ನಿಮಿಷ ಇಳಿಸಿದೆ, ಉರಿಯಿತು." ಕೊನೆಗೆ ಕಪಾಟಿನಲ್ಲಿದ್ದ ಒಂದು ತಗಡಿನ ಡಬ್ಬಿ.

"ಇದ್ರಲ್ಲಿ ಬರೀ ಮೇಣದಬತ್ತಿ ತುಂಡು ಮೇಡಂ. ಬಿಟ್ಟುಬಿಡ್ಲಾ?"

"ದೀಪದ ಪುಸ್ತಕದ ಪಕ್ಕ ಇತ್ತು ತಾನೇ? ಬರೀರಿ."

ಐಟಂ ನಂಬರು ಒಂಬತ್ತು, ತುಕ್ಕು ಹಿಡಿದ ಡಬ್ಬಿ, ಒಳಗೆ ಮೇಣದಬತ್ತಿ ತುಂಡು ಇಪ್ಪತ್ತಮೂರು. ಗಡಿಯಾರ ಒಂದೊಂದನ್ನೂ ಎಣಿಸಿದ. ಬೇರೆ ಯಾರಾದರೂ ಆಗಿದ್ದರೆ "ಕೆಲವು" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಡಬ್ಬಿ ಮೊಹರಾಗಿ ಠಾಣೆಗೆ ಬಂತು.

ಬುಧವಾರ ಎರಡು ಕಾಗದ ಬಂದವು. ಶವಪರೀಕ್ಷೆಯ ವರದಿ: ಉಸಿರುಕಟ್ಟಿ ಸಾವು, ಬಿದ್ದಾಗ ಹಣೆಗೆ ಆದ ಗಾಯ ಬಿಟ್ಟರೆ ಮೈಮೇಲೆ ಬೇರೆ ಗುರುತಿಲ್ಲ. ವಿದ್ಯುತ್ ಕಚೇರಿಯ ಪತ್ರ: ಮಂಗಳವಾರ ಬೆಳಗಿನ ಜಾವ ನಾಲ್ಕು ಐವತ್ತರಿಂದ ಆರು ನಲವತ್ತರವರೆಗೆ ಆ ಭಾಗಕ್ಕೆ ಕರೆಂಟು ಇರಲಿಲ್ಲ. ಅಂದರೆ ಏಳೂ ಹತ್ತಕ್ಕೆ ಫ್ಯಾನ್ ಓಡಿದ್ದು ಬರೀ ಅರ್ಧ ಗಂಟೆ.

ಸಂಜೆ ನಾಲ್ಕಕ್ಕೆ ಪಂಪು ನೋಡಿಕೊಳ್ಳುವವನು ಹೇಳಿಕೆ ಕೊಟ್ಟ. ಒಳ್ಳೆಯ ಮನುಷ್ಯ, ಕೇಳಿದ್ದಕ್ಕಿಂತ ಎರಡು ಮಾತು ಜಾಸ್ತಿಯೇ ಹೇಳುವವನು.

"ನಾನು ಆರನೇ ತೊಟ್ಟಿ ಹತ್ರ ಪೈಪ್ ಬಿಚ್ತಿದ್ದೆ. ಹುಡುಗ ಪಕ್ಕದಲ್ಲಿ ಕೂತು ಬೂಟು ಕಟ್ಕೊಳ್ತಿದ್ದ. ಮೇಸ್ತ್ರಿ ಬೋರಲು ಮಲಗಿ ಬಾಯೊಳಗೆ ನೋಡ್ತಿದ್ರು."

"ಇಬ್ಬರೂ ನೋಡಲ್ವಾ?"

"ಎರಡು ತಲೆ ಹಿಡಿಯಲ್ಲ ಮೇಡಂ ಅಲ್ಲಿ. ಒಬ್ಬ ನೋಡ್ತಾನೆ, ಇನ್ನೊಬ್ಬ ಇಳೀತಾನೆ. ಅದೇ ಪದ್ಧತಿ."

"ಏನಾದ್ರೂ ಮಾತಾಡಿದ್ರಾ?"

"ಹುಡುಗ ಏನೋ, ಮೇಲೆ ಬಂದ ಮೇಲೆ ಹೇಳ್ತೀನಿ ಅಂದ ಹಾಗಾಯ್ತು. ಆಮೇಲೆ, ಉರೀತಿದೆಯಾ ಮಾವ, ಅಂತ ಕೇಳ್ದ. ಉರೀತಿದೆ, ಇಳಿ, ಅಂದ್ರು ಮೇಸ್ತ್ರಿ. ಈ ಕಿವಿಯಾರೆ ಕೇಳಿದೀನಿ. ಸುಮ್ನೆ ಮೇಸ್ತ್ರಿ ಮೇಲೆ ಯಾರೂ ಅನುಮಾನ ಪಡ್ಬಾರದು. ಹುಡುಗ ಬಿದ್ದಾಗ ನಾನು ಇಳಿಯೋಕೆ ಹೋದೆ. ನೀನೂ ಸಾಯ್ತೀಯ ಅಂತ ನನ್ನ ಗಟ್ಟಿಯಾಗಿ ಹಿಡ್ಕೊಂಡುಬಿಟ್ರು. ನನ್ನ ಜೀವ ಉಳಿಸಿದ ಪುಣ್ಯಾತ್ಮ ಅವರು."

ಇನ್‌ಸ್ಪೆಕ್ಟರ್ ಆ ಹೇಳಿಕೆಯನ್ನು ಎರಡು ಸಲ ಓದಿದರು. ಕರೆಂಟಿರಲಿಲ್ಲ, ಗಾಳಿ ಕೆಟ್ಟಿತ್ತು, ದೀಪ ಮಾತ್ರ ಉರಿಯಿತು. ಯಾಕೋ ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಒಂಬತ್ತೂ ಐದಕ್ಕೆ ಅಕ್ಕ ಮತ್ತೆ ಬಂದಳು. ಮಗನ ಹೆಣ ಮಣ್ಣಿಗಿಟ್ಟು ಒಂದು ದಿನವೂ ಆಗಿರಲಿಲ್ಲ.

"ಡಬ್ಬಿ ಬಚ್ಚಿಟ್ಟಿದಾರೆ ಮೇಡಂ. ನಾನು ಹೇಳಿರಲಿಲ್ವಾ? ದೀಪ ಇಳಿಸಿಲ್ಲ ಅಂತ ಗೊತ್ತಾಗುತ್ತೆ ಅಂತ ಡಬ್ಬೀನೇ ಮಾಯ ಮಾಡಿದಾರೆ."

"ಯಾವ ಡಬ್ಬಿ?"

"ಬತ್ತಿ ಡಬ್ಬಿ. ಒಂದ್ಸಲ ಇಳಿಸಿದ ಬತ್ತಿ ಇನ್ನೊಂದ್ಸಲ ಇಳಿಸ್ಬಾರದು. ಇಳಿಸೋ ಮುಂಚೆ ಮೊಳೆಯಿಂದ ತೊಟ್ಟಿ ನಂಬರು, ತಾರೀಖು ಗೀಚಿ, ಎತ್ತಿದ ಮೇಲೆ ಡಬ್ಬಿಗೆ ಹಾಕ್ಬೇಕು. ಸುಗ್ಗಿ ಮುಗಿದ ಮೇಲೆ ಎಲ್ಲಾ ಕರಗಿಸ್ತೀವಿ. ಇದೂ ಅಪ್ಪನ ಕಟ್ಟಳೆಯೇ. ಏಳನೇ ತೊಟ್ಟಿ ಬತ್ತಿ ಅದ್ರಲ್ಲಿ ಇರಲ್ಲ, ನೋಡ್ತಿರಿ."

ಇನ್‌ಸ್ಪೆಕ್ಟರ್ ಗಡಿಯಾರನ ಕಡೆ ನೋಡಿದರು. "ಐಟಂ ಒಂಬತ್ತು," ಎಂದು ಅವನು ಎದ್ದ.

ಮೊಹರು ಒಡೆಯಲು ಇಬ್ಬರು ಸಾಕ್ಷಿಗಳನ್ನು ಕರೆಸಿದರು. ಡಬ್ಬಿಯನ್ನು ಬಿಳಿ ಹಾಳೆಯ ಮೇಲೆ ಸುರಿದರು. ಅಕ್ಕ ಒಂದೊಂದೇ ತುಂಡು ಎತ್ತಿ ಅಡಿ ನೋಡಿ ಬದಿಗಿಟ್ಟಳು. ಎಲ್ಲವೂ ಒಂದೇ ಥರ: ಐದು ನಿಮಿಷ ಉರಿದವು, ತಲೆಯಲ್ಲಿ ಮೇಣ ಕರಗಿ ಪುಟ್ಟ ಬಟ್ಟಲಾಗಿತ್ತು, ಒಂದು ಬದಿಗೆ ಹನಿ ಇಳಿದು ಗಟ್ಟಿಯಾಗಿತ್ತು. ಹದಿನೆಂಟನೆಯದೋ ಹತ್ತೊಂಬತ್ತನೆಯದೋ ತುಂಡು ಎತ್ತಿದಾಗ ಅವಳ ಕೈ ನಿಂತಿತು.

ಅಡಿಯಲ್ಲಿ ಏಳು, ಅದರ ಪಕ್ಕ ಹದಿನಾಲ್ಕು. ತಲೆಯಲ್ಲಿ ಬಟ್ಟಲಿರಲಿಲ್ಲ. ಅಂಗಡಿಯಿಂದ ತಂದಾಗ ಇದ್ದ ಚೂಪು ಹಾಗೇ ಇತ್ತು. ದಾರದ ತುದಿ ಮಾತ್ರ ಕಪ್ಪಾಗಿತ್ತು.

"ಇದೆ," ಅಂದರು ಇನ್‌ಸ್ಪೆಕ್ಟರ್. "ದೀಪ ಇಳಿಸಿದಾರೆ."

"ಇಳಿಸಿದಾರೆ." ಅಕ್ಕನ ದನಿ ಬಾವಿಯೊಳಗಿಂದ ಬಂದಂತಿತ್ತು. "ಆರಿದೆ. ಇಳಿಸ್ತಿದ್ದ ಹಾಗೇ ಆರಿದೆ."

ಅವಳು ಆ ಏಳರ ಮೇಲೆ ಹೆಬ್ಬೆರಳಾಡಿಸಿದಳು. "ಏಳಕ್ಕೆ ಹೀಗೆ ಅಡ್ಡಗೆರೆ ಎಳೆಯೋದು ನನ್ನ ತಮ್ಮ ಒಬ್ಬನೇ. ನಾನೇ ಕಲಿಸಿದ್ದು. ಒಂದು, ಏಳು ಗೊತ್ತಾಗ್ದೆ ಶಾಲೇಲಿ ಏಟು ತಿಂದು ಬರ್ತಿದ್ದ." ಆಮೇಲೆ ತಲೆಯೆತ್ತಿದಳು. "ಆರಿದ್ದು ಅವನು ನೋಡಿದಾನೆ. ನೋಡಿ ಉರೀತಿದೆ ಅಂದಿದಾನೆ. ಯಾಕೆ ಮೇಡಂ? ಎತ್ತಿ ಆಡಿಸಿದ ಮಗು ಅದು. ಯಾಕೆ?"

ಅವಳು ತಾನೇ ಎದ್ದು, ತಾನೇ ಬಾಗಿಲವರೆಗೆ ನಡೆದು, ಅಲ್ಲಿ ಗೋಡೆ ಹಿಡಿದು ನಿಂತಳು. ಗಡಿಯಾರ ನೀರು ತಂದುಕೊಟ್ಟ.

ಅದೇ ಕಟ್ಟಿನ ಬೇರೆ ಮೇಣದಬತ್ತಿಯನ್ನು ಸಾಕ್ಷಿಗಳ ಎದುರೇ ಐದು ನಿಮಿಷ ಉರಿಸಿ ನೋಡಿದರು. ಬಟ್ಟಲಾಯಿತು, ಹನಿ ಇಳಿಯಿತು. ಪುಸ್ತಕದ ಬರಹ ಸುಳ್ಳು ಎನ್ನುವುದಕ್ಕೆ ಅಷ್ಟು ಸಾಕಿತ್ತು. ಮೇಲಧಿಕಾರಿಗೆ ಫೋನು ಹೋಯಿತು.

"ನಿರ್ಲಕ್ಷ್ಯ ಅಂತ ಹಾಕಿ ಮುಗಿಸಮ್ಮ," ಅಂದರು ಅವರು. "ಒಂದು ಮಾತಿಗೆ ಕೊಲೆ ಕೇಸು ನಿಲ್ಲುತ್ತಾ? ಅವನಿಗೆ ಲಾಭ ಏನು?"

"ಅದನ್ನೇ ಹುಡುಕ್ತಿದೀನಿ ಸರ್. ಎರಡು ದಿನ ಕೊಡಿ."

ಸುಡುಬಿಸಿಲಲ್ಲಿ ಜೀಪು ಮತ್ತೆ ಗುಡ್ಡ ಹತ್ತಿದ್ದು ಶುಕ್ರವಾರ. ಗಿರಾಕಿಗಳು ಬರುವುದು ಮುಂದಕ್ಕೆ ಹೋಗಿತ್ತು. ಪೀಪಾಯಿಗಳ ನೆಲಮಾಳಿಗೆಯಲ್ಲಿ ಮೇಸ್ತ್ರಿ ಒಬ್ಬನೇ ಇದ್ದ. ಮೂರೇ ದಿನದಲ್ಲಿ ಕೆನ್ನೆ ಗುಳಿ ಬಿದ್ದಿತ್ತು. ಇನ್‌ಸ್ಪೆಕ್ಟರ್ ಡಬ್ಬಿಯ ಸುದ್ದಿ ಎತ್ತಲಿಲ್ಲ.

"ಕೆಲಸ ಅರ್ಥ ಮಾಡ್ಕೊಳ್ಳೋಣ ಅಂತ ಬಂದೆ. ಯಾವ ಪೀಪಾಯಿ ಬಾಟ್ಲಿಗೆ ಹೋಗ್ಬೇಕು ಅಂತ ನೀವು ಹೇಗೆ ಹೇಳ್ತೀರ?"

"ಮೂಗಿಂದ ಮೇಡಂ. ನಾಲಿಗೆ ಬರೀ ಸಿಹಿ, ಹುಳಿ, ಒಗರು ಹೇಳುತ್ತೆ. ಉಳಿದಿದ್ದೆಲ್ಲಾ ಮೂಗೇ."

ಅವನು ಗಾಜಿನ ಕೊಳವೆ ಇಳಿಸಿ ಮೂರನೇ ಪೀಪಾಯಿಯಿಂದ ಒಂದಿಷ್ಟು ಎತ್ತಿದ, ಗ್ಲಾಸು ತಿರುಗಿಸಿ ಮೂಸಿದ. "ಇದು ತಡೀಬೇಕು. ಇನ್ನೂ ಬಿಚ್ಕೊಂಡಿಲ್ಲ." ಆಮೇಲೆ ಒಂಬತ್ತನೆಯದು. "ಇದು ತಯಾರು. ಕಪ್ಪು ಹಣ್ಣು, ಒಂಚೂರು ಮೆಣಸು." ಮಾತು ನಿರರ್ಗಳವಾಗಿತ್ತು. ಆದರೆ ನೋಡುವುದೇ ಕೆಲಸವಾದ ಇನ್‌ಸ್ಪೆಕ್ಟರ್ ಒಂದು ವಿಷಯ ಗಮನಿಸಿದರು. ಪ್ರತಿ ಸಲವೂ ಮಾತಿಗೆ ಮೊದಲು ಅವನ ಕಣ್ಣು ಪೀಪಾಯಿಯ ಎಡಗಡೆ ಕೆಳಮೂಲೆಗೆ ಹೋಗಿ ಬರುತ್ತಿತ್ತು. ಅಲ್ಲಿ ಸೀಮೆಸುಣ್ಣದ ಸಣ್ಣ ಗೆರೆಗಳಿದ್ದವು. ಮೂರನೆಯದಕ್ಕೆ ಎರಡು ಗೆರೆ, ಒಂಬತ್ತನೆಯದಕ್ಕೆ ಒಂದು.

ಹದಿನಾಲ್ಕನೇ ಪೀಪಾಯಿಗೆ ಗೆರೆಯೇ ಇರಲಿಲ್ಲ.

"ಇದು?" ಎಂದು ಇನ್‌ಸ್ಪೆಕ್ಟರ್ ಅದನ್ನು ತೋರಿಸಿದರು.

ಮೇಸ್ತ್ರಿಯ ಕಣ್ಣು ಕೆಳಗೆ ಹೋಯಿತು, ಏನೂ ಸಿಗದೆ ಹಿಂದಿರುಗಿತು. ಬಿರಡೆ ತೆಗೆದ. ತೆಗೆದ ಕೂಡಲೇ ಗಡಿಯಾರ ಎರಡು ಹೆಜ್ಜೆ ಹಿಂದೆ ಸರಿದ. ತಿಂಗಳುಗಟ್ಟಲೆ ನೆನೆದ ಗೋಣಿಚೀಲ ಕೊಡವಿದರೆ ಹೊಡೆಯುವಂಥ ಮುಗ್ಗಲು ವಾಸನೆ. ಮೇಸ್ತ್ರಿ ಮಾತ್ರ ಗ್ಲಾಸಿನೊಳಗೆ ಮೂಗಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ.

"ತುಂಬಾ ಚೆನ್ನಾಗಿದೆ," ಅಂದ. "ಇದು ಈ ವರ್ಷದ್ದರಲ್ಲೇ ಮೇಲಾದದ್ದು."

ಇನ್‌ಸ್ಪೆಕ್ಟರಿಗೆ ಸೀಮೆಎಣ್ಣೆ ಚಹಾ ನೆನಪಾಯಿತು. ಅಕ್ಕ ಮುಖದ ಹತ್ತಿರ ತಂದವಳೇ ಸರಿಸಿದ ಕಪ್, ತಮ್ಮ ಕೊನೆಯ ಗುಟುಕಿನವರೆಗೆ ಕುಡಿದ ಕಪ್. ಅವರು ಮೆಟ್ಟಿಲು ಹತ್ತಿದರು, ಮೇಲೆ ಬಂದು ಏದುಸಿರು ಬಿಡುತ್ತಾ ಗೋಡೆಗೊರಗಿದರು.

ಮಾಲೀಕನನ್ನು ಕೇಳಿದಾಗ ಉಳಿದದ್ದೂ ಸಿಕ್ಕಿತು. ಸತ್ತ ಹುಡುಗ ನಾಲ್ಕು ತಿಂಗಳ ಹಿಂದೆ ಕಾಲು ಉಳುಕಿಸಿಕೊಂಡು ಹದಿನೈದು ದಿನ ಮನೆಯಲ್ಲಿದ್ದ. ಆ ಹದಿನೈದು ದಿನದಲ್ಲಿ ಮೇಸ್ತ್ರಿ ಒಪ್ಪಿ ಬೆರೆಸಿದ ವೈನ್ ಮುಗ್ಗಲು ಹಿಡಿದಿದೆಯೆಂದು ವಾಪಸು ಬಂತು.

"ಕೊಳೆತ ಹಣ್ಣು ಆಯದೇ ಬಿಟ್ಟಿದಾರೆ ಅಂತ ಮೇಸ್ತ್ರಿ ಹೇಳಿದ್ರು. ಆಯೋ ಮೇಜಿನ ಮೂವರು ಹೆಂಗಸರನ್ನ ತೆಗೆದೆ. ಸುಗ್ಗಿ ಮುಗಿದ ಮೇಲೆ ಅಕ್ಕನನ್ನೂ ಕಳಿಸೋದಿತ್ತು."

"ಅಕ್ಕನನ್ನೂ ಅಂತ ಮೇಸ್ತ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಸುಮ್ನಿದ್ರು."

ಶನಿವಾರ, ಹದಿನೆಂಟನೇ ತಾರೀಖು, ಬೆಳಗ್ಗೆ ಹತ್ತಕ್ಕೆ ಮೇಸ್ತ್ರಿಯನ್ನು ಠಾಣೆಗೆ ಕರೆಸಿದರು. ಸಣ್ಣ ಕೋಣೆ, ಕಿಟಕಿ ಮುಚ್ಚಿತ್ತು. ಅವನ ಕುರ್ಚಿಯ ಅಡಿಯಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಇತ್ತು. ಗಡಿಯಾರನಿಗೆ ಬರೆಯುತ್ತಾ ಬರೆಯುತ್ತಾ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ನಲವತ್ತು ನಿಮಿಷ ಕೂತು, ಹೆಸರು, ವಯಸ್ಸು, ಕೆಲಸಕ್ಕೆ ಸೇರಿದ ವರ್ಷ ಎಲ್ಲ ಹೇಳಿದ.

"ಈ ಕೋಣೇಲಿ ಏನಾದ್ರೂ ವಾಸನೆ ಬರ್ತಿದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

ಅವನು ಮೂಗು ಎಳೆಯಲಿಲ್ಲ. ಮೊದಲು ಇನ್‌ಸ್ಪೆಕ್ಟರ್ ಮುಖ ನೋಡಿದ, ಆಮೇಲೆ ಗಡಿಯಾರನ ಒದ್ದೆ ಕಣ್ಣು ನೋಡಿದ. ಗೆರೆ ಹುಡುಕುತ್ತಿದ್ದ.

"ಇಲ್ಲ," ಅಂದ. ಆಮೇಲೆ ಮೆಲ್ಲಗೆ, "ಇದೆಯಾ?"

"ಎಷ್ಟು ದಿನವಾಯ್ತು?"

ಮೇಸ್ತ್ರಿ ಒಣಗಿದ ತುಟಿ ಸವರಿಕೊಂಡು ಹೇಳತೊಡಗಿದ.

"ಎರಡೂವರೆ ವರ್ಷ. ಒಂದು ಜ್ವರ ಬಂತು. ಹೋದ ಜ್ವರ ಮೂಗನ್ನೂ ತಗೊಂಡು ಹೋಯ್ತು. ಬರುತ್ತೆ ಬರುತ್ತೆ ಅಂತ ಕಾದೆ. ಹುಡುಗನಿಗೆ ವಾರದೊಳಗೇ ಗೊತ್ತಾಯ್ತು. ಮಾವ, ನೀನು ತಲೆ ಕೆಡಿಸ್ಕೋಬೇಡ, ನಾನು ಮೂಸಿ ಗೆರೆ ಹಾಕ್ತೀನಿ, ನೀನು ನೋಡಿ ಹೇಳು, ಅಂದ. ಒಂದು ಗೆರೆ ತಯಾರು, ಎರಡು ಗೆರೆ ತಡಿ, ಅಡ್ಡ ಗೀಟು ಕೆಟ್ಟಿದೆ. ಎರಡೂವರೆ ವರ್ಷ ಯಾರಿಗೂ ಹೇಳ್ಲಿಲ್ಲ ಮೇಡಂ. ಅವರಮ್ಮನಿಗೂ."

"ಮಂಗಳವಾರ ಏನಾಯ್ತು?"

"ಬೂಟು ಕಟ್ಕೊಳ್ತಾ ಹೇಳ್ದ. ಅಮ್ಮನ ಮೇಜಿನವರ ಮೇಲೆ ತಪ್ಪು ಹೋಗೋದು ನಂಗೆ ಸಹಿಸೋಕ್ಕಾಗಲ್ಲ ಮಾವ, ಮೇಲೆ ಬಂದ ಮೇಲೆ ಮಾಲೀಕರಿಗೆ ಹೇಳ್ತೀನಿ, ನಿನ್ನ ಮರ್ಯಾದೆ ಹೋಗದ ಹಾಗೆ ಹೇಳ್ತೀನಿ, ಅಂತ. ನಾನು ಬೋರಲು ಮಲಗಿ ದೀಪ ಇಳಿಸ್ತಾ ಇದ್ದೆ. ಮನಸಲ್ಲಿ ಏನೂ ಇರಲಿಲ್ಲ. ದೇವರಾಣೆ ಇರಲಿಲ್ಲ. ಎರಡು ಮೊಳ ಇಳಿಯೋದ್ರೊಳಗೆ ದೀಪ ಆರ್ತು. ಕತ್ತಲೆ. ಆ ಕತ್ತಲೆ ನೋಡ್ತಾ ಇದ್ದೆ. ಹಿಂದಿಂದ ಅವನು ಕೇಳ್ದ, ಉರೀತಿದೆಯಾ ಮಾವ ಅಂತ."

ಗಡಿಯಾರನ ಪೆನ್ನು ನಿಂತಿತು.

"ಉರೀತಿದೆ ಅಂದೆ."

"ಆಮೇಲೆ ಆ ಬತ್ತೀನ ಡಬ್ಬಿಗೆ ಯಾಕೆ ಹಾಕಿದ್ರಿ? ಎಲ್ಲಾದ್ರೂ ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಮೇಸ್ತ್ರಿ ಆ ಪ್ರಶ್ನೆ ಅರ್ಥವಾಗದವನಂತೆ ಅವರನ್ನು ನೋಡಿದ. "ಇಳಿಸಿದ ಬತ್ತಿ ಡಬ್ಬಿಗೆ ಹಾಕ್ಬೇಕಲ್ಲ ಮೇಡಂ," ಅಂದ.

ಹನ್ನೊಂದು ಐದಕ್ಕೆ ಬಂಧನ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಾಫಿಪುಡಿ, ಲವಂಗ, ಬೆಳ್ಳುಳ್ಳಿ, ಸೀಮೆಎಣ್ಣೆ ನಾಲ್ಕನ್ನೂ ಅವನ ಕಣ್ಣು ಕಟ್ಟಿ ಮೂಗಿಗೆ ಹಿಡಿದು ನೋಡಿದರು. ನಾಲ್ಕಕ್ಕೂ ಅವನು "ಗೊತ್ತಾಗ್ತಿಲ್ಲ" ಅಂದ. ಎರಡೂವರೆ ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಹೇಳಿದ ಮೇಲೆ ಅವನಿಗೆ ಹಗುರವಾದಂತಿತ್ತು ಎಂದು ಡಾಕ್ಟರು ಆಮೇಲೆ ಇನ್‌ಸ್ಪೆಕ್ಟರಿಗೆ ಹೇಳಿದರು. ಅದನ್ನು ಕೇಳಿ ಇನ್‌ಸ್ಪೆಕ್ಟರಿಗೆ ಮೈಯೆಲ್ಲಾ ಉರಿದುಹೋಯಿತು. ಆ ಒಂದು ಮಾತನ್ನು ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದರೆ ಒಂದು ಪ್ರಾಣ ಉಳಿಯುತ್ತಿತ್ತು, ಮೂವರ ಅನ್ನವೂ ಉಳಿಯುತ್ತಿತ್ತು.

ಪ್ರಕರಣ ಕೊಲೆಗೆ ಬದಲಾಯಿತು. ಮೇಲಧಿಕಾರಿ ಈ ಸಲ ಒಪ್ಪಿದರು. ಕಾರಣವೆಂಬ ಕಾಲಮ್ಮಿನಲ್ಲಿ ಇನ್‌ಸ್ಪೆಕ್ಟರ್ 'ವೈಷಮ್ಯ' ಎಂದು ಬರೆಯಹೋಗಿ ಬಿಟ್ಟರು. ವೈಷಮ್ಯವಿರಲಿಲ್ಲ. ಕೊನೆಗೆ, "ಆರೋಪಿಯು ತನ್ನ ಘ್ರಾಣಶಕ್ತಿ ನಷ್ಟವಾದ ವಿಷಯ ಹೊರಬೀಳುವುದೆಂಬ ಭಯದಿಂದ" ಎಂದು ಬರೆದರು. ಓದಿ ನೋಡಿದಾಗ ಅದು ಬಹಳ ಸಣ್ಣದಾಗಿ ಕಂಡಿತು, ಆದರೆ ನಿಜವಾದದ್ದು ಅಷ್ಟೇ ಇತ್ತು.

ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯಲು ಮೇಸ್ತ್ರಿಯನ್ನು ಹೊರಗೆ ತಂದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಮಂಗಳವಾರ ಅವನು ಕೂತ ಜಾಗದಲ್ಲೇ. ಎಲ್ಲವನ್ನೂ ಇನ್‌ಸ್ಪೆಕ್ಟರೇ ಅವಳಿಗೆ ಹೇಳಿದ್ದರು. ಬೈಯುತ್ತಾಳೆ, ಮೈಮೇಲೆ ಬೀಳುತ್ತಾಳೆ ಎಂದು ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳನ್ನು ಹತ್ತಿರ ನಿಲ್ಲಿಸಿದ್ದರು. ಅವಳು ಎದ್ದು ತಮ್ಮನ ಎದುರಿಗೆ ಬಂದಳು. ಅವನು ತಲೆಯೆತ್ತಲಿಲ್ಲ.

"ಅಪ್ಪನ ಮೂಗು ನಂಗೂ ಬಂದಿತ್ತು ಕಣೋ," ಅಂದಳು. "ನನ್ನ ಮಗನಿಗೆ ಅದು ಎಲ್ಲಿಂದ ಬಂತು ಅಂದ್ಕೊಂಡೆ? ಮೂವತ್ತು ವರ್ಷ ಆ ಮೇಜಿನ ಮುಂದೆ ನಿಂತಿದ್ದೆ, ಒಂದು ದಿನ ಒಬ್ಬರೂ ಮೂಸು ಅಂತ ನಂಗೊಂದು ಗ್ಲಾಸು ಕೊಡ್ಲಿಲ್ಲ. ನೀನೂ ಕೊಡ್ಲಿಲ್ಲ. ಅಕ್ಕ, ನಂಗೆ ಮೂಗು ಹೋಯ್ತು ಅಂತ ಒಂದು ಮಾತು ಹೇಳಿದ್ರೆ ನಾನು ಮೂಸಿ ಹೇಳ್ತಿರಲಿಲ್ವೇನೋ?"

ಮೇಸ್ತ್ರಿಯ ಭುಜ ಅಲುಗಾಡತೊಡಗಿತು. ಆಮೇಲೆ ಅವನನ್ನು ಜೀಪಿಗೆ ಹತ್ತಿಸಿದರು, ಅವಳು ಗುಡ್ಡದ ಬಸ್ಸು ಎಷ್ಟು ಗಂಟೆಗೆ ಎಂದು ಗಡಿಯಾರನನ್ನು ಕೇಳಿದಳು.